ಒಂದು ಮಾರು ಮುಂದೆ

ಬೊಮ್ಮನಗುಟ್ಟದಲ್ಲಿ ದೊಡ್ಡಮುನಿಯಪ್ಪನ ಮನೆ ಯಾವುದು ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಾರೆ. ‘ಒಂದ್ಮಾರು ಮುನಿಯಪ್ಪ’ ಎಂದು ಕೇಳಿ ನೋಡಿ, ಬಸ್ ಸ್ಟಾಪಿನ ನಾಯಿಯೂ ಎದ್ದು ದಾರಿ ತೋರಿಸೀತು. ಹೂವು ಮಾರುವವರು ಎರಡು ಕೈ ಚಾಚಿ ಅಳೆಯುತ್ತಾರಲ್ಲ, ಆ ಮಾರು. ಹಾಗಂತ ಅವನು ಹೂವು ಮಾರಿದವನಲ್ಲ. ಊರ ಕೆರೆಯ ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಯಾವ ಹೊತ್ತು ನೀರು ಎಂದು ನಿಗಾ ನೋಡುವುದು ಅವನ ಕೆಲಸ. ಅವನ ಅಪ್ಪ, ತಾತ ಎಲ್ಲರೂ ಮಾಡಿಕೊಂಡು ಬಂದದ್ದು. ಅಡ್ಡಹೆಸರು ಅಂಟಿದ್ದು ಹತ್ತೊಂಬತ್ತು ವರ್ಷಗಳ ಹಿಂದೆ. ಊರು ಒಬ್ಬನನ್ನು ನೋಡಿ ನಗಬೇಕೆಂದು ನಿರ್ಧಾರ ಮಾಡಿದ ಮೇಲೆ ಕಾರಣಕ್ಕೇನು ಬರ?

ಆ ಹೆಸರಿನಿಂದ ಕರೆದಾಗಲೆಲ್ಲ ಮುನಿಯಪ್ಪ ತಾನೂ ನಕ್ಕು ಸುಮ್ಮನಾಗುತ್ತಿದ್ದ. ನಗಲಾರದೆ ಒದ್ದಾಡುತ್ತಿದ್ದವಳು ಅವನ ಒಬ್ಬಳೇ ಮಗಳು ಸುನಂದ. ಹೆಸರು ಕಟ್ಟಿದವರು ಯಾರೇ ಇರಲಿ, ಅದು ಬಿಡದ ಹಾಗೆ ಅಂಟಿಸಿದವಳು ತಾನೇ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ನಡೆದದ್ದು ಇಷ್ಟು. ಕೆರೆಯಿಂದ ಹೊರಡುವ ಕಾಲುವೆ ಕಲ್ಲು ಕಟ್ಟಿದ್ದು, ದಾರ ಹಿಡಿದಂತೆ ನೇರ, ಸುಮಾರು ಅರ್ಧ ಮೈಲಿ ಉದ್ದ. ಅದರ ಕೊನೆಗೆ ಕೋದಂಡರಾಮಪ್ಪನ ಗದ್ದೆ. ತೂಬಿನ ಹತ್ತಿರ ನಿಂತು ಎಷ್ಟು ಕೂಗಿದರೂ ಅಲ್ಲಿಗೆ ಕೇಳಿಸದು, ಮೊಬೈಲು ಆಗಿನ್ನೂ ಸಾಹುಕಾರರ ಕಿಸೆಯಲ್ಲಿತ್ತು. ಆದ್ದರಿಂದ ಆ ಮನೆತನದ ನೀರುಗಂಟಿಗಳು ನೀರಿನ ಕೈಯಲ್ಲೇ ಸುದ್ದಿ ಕಳಿಸುತ್ತಿದ್ದರು. ಕಾಲುವೆಯ ಬಾಯಿಗೆ ಮರದ ಹಲಗೆ ಇಳಿಬಿಡುವುದು, ಹಿಂದೆ ನೀರು ತುಂಬಿದ ಮೇಲೆ ಸರಕ್ಕನೆ ಎತ್ತಿ ಸರಕ್ಕನೆ ಇಳಿಸುವುದು. ಆಗ ಒಂದೇ ಒಂದು ಅಲೆ ಹೊರಡುತ್ತದೆ. ಕೆರೆಯ ಅಲೆಗಳ ಹಾಗೆ ಅದಕ್ಕೆ ಹಿಂದೆ ಮುಂದೆ ಬಳಗವಿಲ್ಲ. ಬುಟ್ಟಿ ಬೋರಲು ಹಾಕಿದಂಥ ಒಂದು ದಿಬ್ಬ, ಒಡೆಯದೆ, ಚೆಲ್ಲದೆ, ತನ್ನ ಪಾಡಿಗೆ ತಾನು ಕೊನೆಯವರೆಗೂ ನಡೆದುಹೋಗುತ್ತದೆ. ಸಣ್ಣ ಅಲೆ ಮೊದಲು, ದೊಡ್ಡದು ಆಮೇಲೆ ಬಂದರೆ ‘ಇವತ್ತು ನಿನ್ನ ಸರದಿ, ಗದ್ದೆಯ ಬಾಯಿ ತೆಗೆ’ ಎಂದರ್ಥ. ದೊಡ್ಡದು ಮೊದಲು ಬಂದು ಸಣ್ಣದು ಆಮೇಲೆ ಬಂದರೆ ‘ನಿನಗಿಲ್ಲ, ಮುಚ್ಚು’.

ಆ ದಿನ ಕೋದಂಡರಾಮಪ್ಪನ ಸರದಿ. ಅದೇ ದಿನ ಏಳನೇ ಕ್ಲಾಸಿನ ಸುನಂದಳಿಗೆ ಪರೀಕ್ಷೆ. ಸಣ್ಣ ಅಲೆ ಬಿಟ್ಟ ಮೇಲೆ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕಾಗಿದ್ದ ಮುನಿಯಪ್ಪ, ಮಗಳಿಗೆ ಹೊತ್ತಾಯಿತೆಂದು ಹತ್ತು ಎಣಿಸಿ ದೊಡ್ಡದನ್ನು ಬಿಟ್ಟ. ಅವಳನ್ನು ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ದೊಡ್ಡ ಅಲೆಯ ಪಕ್ಕದಲ್ಲೇ ಕಾಲುವೆ ದಂಡೆಯ ಮೇಲೆ ತುಳಿದ. ದೊಡ್ಡ ಅಲೆಯ ಓಟ ಯಾವಾಗಲೂ ಜೋರು, ನೇರಳೆ ಮರದ ಹತ್ತಿರ ಅದು ಸಣ್ಣದನ್ನು ಹಿಡಿಯಿತು. ಎರಡೂ ಸೇರಿ ಒಂದಾಗಿಹೋಗುತ್ತವೆ ಎಂದು ಯಾರಾದರೂ ಅಂದುಕೊಂಡಾರು. ಆಗಲಿಲ್ಲ. ಒಂದಿಷ್ಟು ದೂರ ಮೈಗೆ ಮೈ ತಾಗಿಸಿಕೊಂಡು ಹೋಗಿ, ಮತ್ತೆ ಎರಡಾಗಿ, ದೊಡ್ಡದು ಮುಂದೆ ಸಣ್ಣದು ಹಿಂದೆ ಹೊರಟವು. ಅಷ್ಟೇ ಅಲ್ಲ. ಅಲ್ಲಿಯವರೆಗೆ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸರಿಯಾಗಿ ಬರುತ್ತಿದ್ದ ದೊಡ್ಡ ಅಲೆ, ತುಳಿಯುವ ವೇಗ ಬದಲಾಗದಿದ್ದರೂ, ಈಗ ಒಂದು ಮಾರು ಮುಂದಿತ್ತು.

“ನೋಡ್ದೇನಮ್ಮಾ!” ಎಂದು ಅಪ್ಪ ಕೂಗಿದ.

“ನೋಡ್ದೆ ನೋಡ್ದೆ!” ಎಂದು ಅವಳೂ ಕೂಗಿದಳು.

ನೇರಳೆ ಮರದಿಂದ ಸ್ಕೂಲಿನ ದಾರಿ ಬೇರೆಯಾಗುತ್ತದೆ. ಸುದ್ದಿ ತಲೆಕೆಳಗಾಗಿ ಹೋಗುತ್ತಿದೆ ಎನ್ನುವುದು ಆ ಸಂಭ್ರಮದಲ್ಲಿ ಮುನಿಯಪ್ಪನಿಗೆ ಹೊಳೆಯಲೇ ಇಲ್ಲ. ಕೋದಂಡರಾಮಪ್ಪ ದೊಡ್ಡ ಅಲೆ ಮೊದಲು ಬಂದದ್ದು ಕಂಡು, ಗದ್ದೆಯ ಬಾಯಿ ಮುಚ್ಚಿ ಮನೆಗೆ ಹೋದ. ಸ್ಕೂಲಿನಿಂದ ಮರಳಿ ಮುನಿಯಪ್ಪ ಬಿಟ್ಟ ನೀರೆಲ್ಲ ಹಳ್ಳಕ್ಕೆ ಹರಿದುಹೋಯಿತು. ಆ ವರ್ಷ ಕೆರೆಯಲ್ಲಿ ಇದ್ದದ್ದೇ ಅಷ್ಟು. ಹಾಲುಗಟ್ಟಿದ್ದ ಬತ್ತ ಹಾಗೇ ಒಣಗಿತು.

ಹಾಲಿನ ಡೈರಿಯ ಮುಂದೆ ಪಂಚಾಯ್ತಿ ಸೇರಿತು. ಸಣ್ಣದನ್ನೇ ಮೊದಲು ಬಿಟ್ಟೆ ಎಂದು ಮುನಿಯಪ್ಪ, ದೊಡ್ಡದೇ ಮೊದಲು ಬಂತು ಎಂದು ಕೋದಂಡರಾಮಪ್ಪ. ಇಬ್ಬರೂ ಸುಳ್ಳು ಹೇಳುವ ಜನ ಅಲ್ಲ. ದೊಡ್ಡದು ದಾಟಿಕೊಂಡು ಹೋಯಿತು, ದಾಟಿ ಒಂದು ಮಾರು ಮುಂದೆ ಹಾರಿತು ಎಂದು ಮುನಿಯಪ್ಪ ಎರಡೂ ಕೈ ಚಾಚಿ ತೋರಿಸಿದಾಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಲು ಹಾಕಲು ಬಂದಿದ್ದ ಸೈನ್ಸ್ ಮೇಷ್ಟ್ರೂ ನಕ್ಕು, “ನೀರಿಗೆ ನೀರು ಸೇರಿದ್ರೆ ಒಂದೇ ನೀರು ಕಣಪ್ಪ, ಅದೇನು ಓಟದ ಪಂದ್ಯವಾ?” ಅಂದರು.

“ನಮ್ ಸುನಂದಮ್ಮ ಜೊತೆಗೇ ಇದ್ಲು ಸಾರ್. ಕ್ಲಾಸಿಗೆ ಫಸ್ಟು ಅಂತ ನೀವೇ ಹೇಳ್ತೀರಲ್ಲ, ಅವಳನ್ನೇ ಕೇಳಿ.”

ಎಲ್ಲರೂ ಅವಳತ್ತ ತಿರುಗಿದರು. ಹಾಲಿನ ಕ್ಯಾನಿಗೆ ಆತುಕೊಂಡು ನಿಂತಿದ್ದ ಸುನಂದ ಮೇಷ್ಟ್ರ ಮುಖ ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಿದ್ದ ಕ್ಲಾಸಿನ ಹುಡುಗಿಯರನ್ನು ನೋಡಿದಳು.

“ನಾನ್ ಏನೂ ನೋಡಿಲ್ಲ” ಅಂದಳು.

ಮುನಿಯಪ್ಪ ಮಗಳನ್ನು ಒಂದು ಸಲ ನೋಡಿದ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, “ಹಂಗಾರೆ ನಾನೇ ತಪ್ಪು ನೋಡಿರ್ಬೇಕು ಬಿಡಿ” ಅಂದ. ಹಲಗೆ ಬೇರೆಯವರ ಕೈಗೆ ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ಇಲ್ಲಿ ಹೋದದ್ದು ಮಗಳ ಮೂರು ಮಾತಿಗೆ. ಮುಂದೆ ಕೆರೆಯೇ ಬತ್ತಿ, ನೀರುಗಂಟಿ ಎಂಬ ಪದವೇ ಊರಿಗೆ ಮರೆತುಹೋಯಿತು. ಅಡ್ಡಹೆಸರು ಮಾತ್ರ ಮರೆಯಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಸುನಂದ ಎಂ.ಎಸ್ಸಿ. ಗಣಿತ ಓದುವಾಗ ಒಂದು ಮಧ್ಯಾಹ್ನ ಪಾಠ ಮಾಡುವ ಮೇಡಂ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದು, ಅದರ ಕತೆ ಹೇಳಿದರು. ಸುಮಾರು ಇನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ಒಬ್ಬ ಎಂಜಿನಿಯರು ಕಾಲುವೆಯಲ್ಲಿ ಒಂಟಿ ಅಲೆಯೊಂದನ್ನು ಕಂಡು, ಕುದುರೆಯ ಮೇಲೆ ಅದರ ಹಿಂದೆ ಹೋದನಂತೆ. ಅಲೆ ಆಕಾರ ಕೆಡದೆ ಬಹುದೂರ ಹೋಯಿತಂತೆ. ಅಂಥದ್ದು ಸಾಧ್ಯವಿಲ್ಲ ಎಂದು ಅಂದಿನ ದೊಡ್ಡ ವಿದ್ವಾಂಸರೇ ಅನುಮಾನಪಟ್ಟರಂತೆ. ಅಂಥ ಅಲೆಗೆ ಈಗ ಸಾಲಿಟಾನ್ ಎಂದು ಹೆಸರು. ಎರಡು ಸಾಲಿಟಾನ್‌ಗಳು ಒಂದನ್ನೊಂದು ಹಾದರೂ ಎರಡೂ ಕೆಡುವುದಿಲ್ಲ, ದೊಡ್ಡದು ಸ್ವಲ್ಪ ಮುಂದೆ, ಸಣ್ಣದು ಸ್ವಲ್ಪ ಹಿಂದೆ ಸರಿದಿರುತ್ತದೆ, ಅವು ಭೇಟಿಯಾದದ್ದಕ್ಕೆ ಉಳಿಯುವ ಗುರುತು ಅದೊಂದೇ ಎಂದು ಮೇಡಂ ಹೇಳಿದಾಗ ಸುನಂದಳ ಪೆನ್ನು ನಿಂತುಹೋಯಿತು. ಕುದುರೆ ಇದ್ದವನ ಮಾತು ಪುಸ್ತಕ ಸೇರಿತ್ತು, ಸೈಕಲ್ಲು ಇದ್ದವನಿಗೆ ಅಡ್ಡಹೆಸರು ಸಿಕ್ಕಿತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಹುಟ್ಟಿದ ಗಾದೆಯೇ?

ಅಲ್ಲಿಂದ ಅವಳು ಅದನ್ನೇ ಹಿಡಿದಳು. ಮುಳಬಾಗಿಲಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತ, ದಿನಾ ಸ್ಕೂಟರಿನಲ್ಲಿ ಮನೆಯಿಂದ ಹೋಗಿ ಬರುತ್ತ, ಅದೇ ಮೇಡಂ ಕೈಕೆಳಗೆ ಪಿಎಚ್‌.ಡಿ. ಪ್ರಬಂಧ ಬರೆದಳು. ಈ ಬಗೆಯ ಸಮೀಕರಣಗಳಿಗೆ ಒಂದು ವಿಚಿತ್ರ ನಿಯತ್ತು ಇದೆ. ನಡುವೆ ಏನೇ ಗಲಾಟೆಯಾಗಲಿ, ಮೊದಲು ಇಟ್ಟದ್ದನ್ನು ಅವು ಕಳೆದುಕೊಳ್ಳುವುದಿಲ್ಲ. ಕೊನೆಯ ಸ್ಥಿತಿಯನ್ನು ಕೊಟ್ಟರೆ ಮೊದಲು ಏನಿತ್ತು ಎನ್ನುವುದನ್ನು ಲೆಕ್ಕ ಹಾಕಿ ಪೂರ್ತಿ ಹೊರತೆಗೆಯಬಹುದು. ಗಣಿತದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸುನಂದಳಿಗೆ ಮಾತ್ರ ಅದನ್ನು ಬರೆಯುವಾಗಲೆಲ್ಲ ಹಾಲಿನ ಡೈರಿ ನೆನಪಾಗುತ್ತಿತ್ತು. ಇಷ್ಟು ವರ್ಷ ಅದೇ ವಿಷಯ ಓದಿದರೂ, ನೀನು ಹೇಳಿದ್ದೇ ಸರಿ ಎಂದು ಅಪ್ಪನಿಗೆ ಹೇಳಿರಲಿಲ್ಲ. ಹೇಳಿದರೆ ಅದರ ಬಾಲಕ್ಕೇ ಇನ್ನೊಂದು ಮಾತೂ ಬರಬೇಕಲ್ಲ.

ಕೊನೆಗೆ ಮೇಡಂ ಮುಂದೆ ಬಾಯಿಬಿಟ್ಟಳು. ಅವರು ಕನ್ನಡಕ ತೆಗೆದು ಕೇಳಿಸಿಕೊಂಡರು. “ಮೊದಲ ಅಧ್ಯಾಯದಲ್ಲಿ ನಿಮ್ಮ ತಂದೆಯವರ ಹೆಸರು ಹಾಕಿ ಬರೀರಿ. ಆದ್ರೆ ಅವರನ್ನ ಕೇಳಿ, ಅವರು ಒಪ್ಪಿದ ಮೇಲೆ. ಮುಂದಿನ ಗುರುವಾರ ಮೌಖಿಕ ಪರೀಕ್ಷೆ, ಅಷ್ಟರಲ್ಲಿ ಆ ಪುಟ ಸೇರಿಸೋಣ” ಅಂದರು. ಆ ವರ್ಷ ಮಳೆಯೂ ಚೆನ್ನಾಗಿ ಬಿದ್ದು ಕೆರೆ ಕೋಡಿ ಹೋಗಿತ್ತು. ಕಾಲುವೆಯಲ್ಲಿ ಮೊಣಕಾಲುದ್ದ ನೀರು. ಇನ್ನು ನೆವ ಹೇಳಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಶುಕ್ರವಾರ ಸಂಜೆ ಅಪ್ಪ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ. ಎಪ್ಪತ್ತಾಗಿತ್ತು. ಎಡಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ, ಬಾಯಿಗೇನೂ ಕಡಿಮೆ ಇರಲಿಲ್ಲ. ಸುನಂದ ಪಕ್ಕದಲ್ಲಿ ಕೂತು, ತಾನೂ ಒಂದು ಹಿಡಿ ಕಾಯಿ ತೆಗೆದುಕೊಂಡು ಕೇಳಿದಳು.

“ಅಪ್ಪಾ, ಅವತ್ತು ಕಾಲುವೇಲಿ ಎರಡು ಅಲೆ ನೋಡ್ದೆಯಲ್ಲ, ಅದನ್ನ ನನ್ ಪುಸ್ತಕದಲ್ಲಿ ಬರೀಲಾ?”

ಮಾತು ತಪ್ಪಿಸಬೇಕಾದಾಗ ಮುನಿಯಪ್ಪ ತೆಲುಗಿಗೆ ಜಾರುತ್ತಿದ್ದ. ಈಗಲೂ ಜಾರಿದ. “ನೇನೇಮೀ ಚೂಡಲೇದಮ್ಮಾ.” ನಾನೇನೂ ನೋಡಿಲ್ಲ. ಅವಳ ಮಾತನ್ನೇ ಅವಳಿಗೆ ತಿರುಗಿ ಕೊಟ್ಟಂತಾಯಿತು. ಆದರೆ ಅವನ ಮುಖದಲ್ಲಿ ಕುಟುಕುವ ಭಾವವೇ ಇರಲಿಲ್ಲ. ಸುಲಿದ ಕಾಳನ್ನು ಮೊರಕ್ಕೆ ಹಾಕಿ, ಮತ್ತೊಂದು ಕಾಯಿಗೆ ಕೈ ಹಾಕಿದ.

ಒಳಗೆ ಒಲೆಯ ಮುಂದೆ ಕೂತಿದ್ದ ಅಮ್ಮ ಮುನಿಶಾಮಮ್ಮನ ಹತ್ತಿರ ಹೋಗಿ ಸುನಂದ ಅತ್ತೇ ಬಿಟ್ಟಳು. ಮುನಿಶಾಮಮ್ಮನಿಗೆ ಅಳುವವರನ್ನು ಸಮಾಧಾನ ಮಾಡುವ ಅಭ್ಯಾಸವಿಲ್ಲ.

“ಅಳ್ಬೇಡ, ಮುದ್ದೆ ಗಂಟಾಗುತ್ತೆ. ನಿಮ್ಮಪ್ಪನ್ ಲೆಕ್ಕ ನಿಂಗೆ ಗೊತ್ತಿಲ್ಲ. ಅವ್ರು ನೋಡ್ದೆ ಅಂದ್ರೆ, ಅವತ್ತು ನೋಡಿಲ್ಲ ಅಂದ ನೀನು ಸುಳ್ಳುಗಾತಿ ಆಗ್ತೀಯ. ಅದಕ್ಕೇ ಹತ್ತೊಂಬತ್ತು ವರ್ಷದಿಂದ ಊರೆಲ್ಲಾ ನೋಡಿಲ್ಲ ನೋಡಿಲ್ಲ ಅಂತ ಹೇಳ್ಕೊಂಡು ತಿರುಗ್ತಾವ್ರೆ. ಮಗಳು ಓದಿದೋಳು, ಅವಳ ಮಾತು ನಿಲ್ಲಬೇಕು ಅಂತ.”

ಸುನಂದ ಇಷ್ಟು ದಿನ ಅಪ್ಪನಿಗೆ ತನ್ನ ಮೇಲೆ ಬೇಸರವಿದೆ ಎಂದುಕೊಂಡು ಹೆದರಿದ್ದಳು. ಬೇಸರವಿದ್ದರೇ ಚೆನ್ನಾಗಿತ್ತು, ಇದನ್ನು ಹೊರುವುದು ಕಷ್ಟ ಅನ್ನಿಸಿತು.

ಶನಿವಾರ ಅವಳು ಉಪಾಯ ಮಾಡಿದಳು. ಪ್ರಬಂಧದ ಒಂದು ಚಿತ್ರ ತಂದು ಅಪ್ಪನ ಮುಂದೆ ಇಟ್ಟಳು. ಕಂಪ್ಯೂಟರಿನಲ್ಲಿ ಬರೆದದ್ದು, ಎರಡು ಗೆರೆ ಒಂದನ್ನೊಂದು ಕತ್ತರಿಯಂತೆ ದಾಟುವ ಚಿತ್ರ. “ಇದು ದೊಡ್ಡ ಅಲೆ, ಇದು ಸಣ್ಣದು. ಇಲ್ಲಿ ದಾಟ್ಕೊಂಡು ಹೋಗುತ್ತೆ” ಎಂದು ಬೆರಳಿಟ್ಟು ತೋರಿಸಿದಳು.

ಮುನಿಯಪ್ಪ ಬಹಳ ಹೊತ್ತು ನೋಡಿದ. ತಡೆಯಲು ಪ್ರಯತ್ನಪಟ್ಟ, ಪಾಪ. ಕೈಕಸಬು ಬಲ್ಲವನು ತಪ್ಪು ಕಂಡರೆ ಸುಮ್ಮನಿರಲಾರ.

“ದಾಟೋದಲ್ಲಮ್ಮ ಇದು. ಆವಾಗ ನಾನೂ ದಾಟ್ತು ಅಂದಿದ್ದೆ, ಆಮೇಲೆ ಕೂತ್ಕೊಂಡು ಯೋಚನೆ ಮಾಡ್ದೆ. ಹುಲ್ಲಿನ ಹೊರೆ ಹೊತ್ಕೊಂಡು ಬರ್ತೀವಲ್ಲ, ಹಂಗೆ. ಹಿಂದಿನೋನ ತಲೆ ಮೇಲೆ ದೊಡ್ಡ ಹೊರೆ, ಭಾರಕ್ಕೆ ಅವನು ಓಡ್ತಾನೆ. ಮುಂದಿನೋನದು ಸಣ್ಣದು, ನಿಧಾನಕ್ಕೆ ಹೋಗ್ತಾನೆ. ಹತ್ರ ಬಂದಾಗ ಹಿಂದಿನೋನು ದಾಟಲ್ಲ. ತೀಸ್ಕೋ, ತಗೋ ಅಂತ ತನ್ ಹೊರೆನ ಮುಂದಿನೋನ ತಲೆಗೆ ದಾಟಿಸ್ಬಿಡ್ತಾನೆ. ಅವನ ಸಣ್ಣದನ್ನ ತಾನು ತಗೋತಾನೆ. ಈಗ ಮುಂದಿನೋನು ಓಡ್ತಾನೆ. ಈ ತಲೆಯಿಂದ ಆ ತಲೆಗೆ ಹೋಯ್ತಲ್ಲ, ಅದೇ ಆ ಒಂದ್ ಮಾರು. ದೊಡ್ಡ ಹೊರೆ ಅಷ್ಟು ಮುಂದಕ್ಕೆ ಹಾರ್ತು, ಸಣ್ಣದು ಅಷ್ಟು ಹಿಂದಕ್ಕೆ ಬಂತು.”

ಸುನಂದ ಬೆರಗಾಗಿ ಕೂತಳು. ಆ ಒಂದು ಮಾರನ್ನು ತೋರಿಸಲು ಅವಳು ಎರಡು ಪುಟ ಲೆಕ್ಕ ಮಾಡಿದ್ದಳು. ದಾಟುತ್ತವೆಯೋ ಕೊಟ್ಟು ತೆಗೆದುಕೊಳ್ಳುತ್ತವೆಯೋ ಎಂದು ಪಂಡಿತರೂ ವಾದ ಮಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಹೀಗೆ ಹುಲ್ಲಿನ ಹೊರೆಯಲ್ಲಿ ಯಾರೂ ಹೇಳಿರಲಿಲ್ಲ.

“ನೋಡದೇ ಇದ್ದೋನಿಗೆ ಇಷ್ಟೆಲ್ಲಾ ಹೆಂಗಪ್ಪಾ ಗೊತ್ತು?”

ಸಿಕ್ಕಿಬಿದ್ದ ಮುನಿಯಪ್ಪ ಹಸುವಿಗೆ ಮೇವು ಹಾಕಬೇಕೆಂದು ಎದ್ದುಹೋದ. ಹಸು ಆಗತಾನೇ ತಿಂದು ಮಲಗಿತ್ತು.

ಭಾನುವಾರ ಬೆಳಿಗ್ಗೆ ಸುನಂದ ಅಮ್ಮನನ್ನು ಕರೆದುಕೊಂಡು ಕಾಲುವೆಯ ಬಾಯಿಗೆ ಹೋದಳು. ಹಳೆಯ ಹಲಗೆ ಯಾರದೋ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ಕೋದಂಡರಾಮಪ್ಪನ ಮನೆಗೆ ಹಿಂದಿನ ಸಂಜೆಯೇ ಹೋಗಿ, “ಮಾವ, ಬೆಳಿಗ್ಗೆ ನಿಮ್ ಗದ್ದೆ ಬಾಯಿಯಲ್ಲಿ ಸ್ವಲ್ಪ ನಿಂತಿರ್ತೀರಾ? ಅಲೆ ಬಂದ್ರೆ ಯಾವುದು ಮೊದಲು ಅಂತ ಹೇಳಿ ಸಾಕು” ಎಂದು ಕೇಳಿ ಬಂದಿದ್ದಳು. ಅವನು ಮುಖ ಗಂಟುಹಾಕಿಕೊಂಡೇ ಒಪ್ಪಿದ್ದ.

ಮುನಿಶಾಮಮ್ಮ ಹಲಗೆ ಎತ್ತಿದರೆ ನೀರು ಭರ್ರನೆ ಚೆಲ್ಲಿ ನೊರೆಯಾಗುತ್ತಿತ್ತೇ ಹೊರತು ಅಲೆ ಏಳುತ್ತಿರಲಿಲ್ಲ. ಮೂರನೇ ಸಲಕ್ಕೆ ಏರಿಯ ಮೇಲಿಂದ ದನಿ ಬಂತು. “ಏಯ್, ಹಂಗಲ್ಲ ಕಣೇ! ಸೀರೆ ಒಗೀತಿದೀಯಾ? ಒಂದೇ ಉಸಿರಿಗೆ ಎತ್ತಿ, ಅದೇ ಉಸಿರಿಗೆ ಇಳಿಸು.” ಯಾವಾಗ ಬಂದನೋ, ಟವೆಲ್ಲು ತಲೆಗೆ ಸುತ್ತಿಕೊಂಡು ಮುನಿಯಪ್ಪ ನಿಂತಿದ್ದ. ಇಳಿದು ಬಂದು, ಹೆಂಡತಿಯ ಕೈ ಹಿಡಿದು ಎರಡು ಸಲ ತೋರಿಸಿಕೊಟ್ಟ.

“ಹತ್ತು ಎಣಿಸಿ ಎರಡನೇದು ಬಿಡಮ್ಮ” ಎಂದು ಹೇಳಿ ಸುನಂದ ಸ್ಕೂಟರ್ ಸ್ಟಾರ್ಟ್ ಮಾಡಿದಳು. “ಅಪ್ಪಾ, ಹತ್ತು.”

ಅಪ್ಪ ಒಂದು ಗಳಿಗೆ ಕಾಲುವೆ ನೋಡಿದ, ಒಂದು ಗಳಿಗೆ ಮಗಳನ್ನು ನೋಡಿದ. ಹತ್ತಿ ಕೂತ.

ಸಣ್ಣ ಅಲೆ ಹೊರಟಿತು. ಹತ್ತು ಎಣಿಸಿದ ಮೇಲೆ ದೊಡ್ಡದು. ಸುನಂದ ಮುಂದಿನ ಚಕ್ರವನ್ನು ದೊಡ್ಡ ಅಲೆಯ ನೆತ್ತಿಗೆ ಸರಿಯಾಗಿ ಹಿಡಿದು ಓಡಿಸಿದಳು. ಮೆಲ್ಲಗೆ ಓಡುವ ಮನುಷ್ಯನಷ್ಟೇ ವೇಗ. ಹಿಂದಿನಿಂದ ಅಪ್ಪ “ನಿಧಾನ, ನಿಧಾನ, ಈಗ್ ಸರಿ” ಎನ್ನುತ್ತಿದ್ದ. ನೇರಳೆ ಮರ ಬಂತು. ದೊಡ್ಡದು ಸಣ್ಣದರ ಬೆನ್ನಿಗೆ ಬಂದಾಗ ಸುನಂದ ಕಣ್ಣು ಮಿಟುಕಿಸಲಿಲ್ಲ. ಹಿಂದಿನದು ಇಳಿಯುತ್ತ ಬಂತು, ಮುಂದಿನದು ಏರುತ್ತ ಹೋಯಿತು. ಒಂದು ಗಳಿಗೆ ಎರಡೂ ಒಂದೇ ಎತ್ತರ. ಆಮೇಲೆ ಮುಂದಿನದು ಹೊರೆ ಹೊತ್ತವನಂತೆ ಓಡಿತು, ಹಿಂದಿನದು ಹಗುರಾಗಿ ನಿಧಾನವಾಯಿತು. ಸ್ಕೂಟರಿನ ವೇಗ ಬದಲಾಗಿರಲಿಲ್ಲ. ಅಲೆ ಚಕ್ರಕ್ಕಿಂತ ಮುಂದಿತ್ತು.

“ತೀಸ್ಕೋ ಅಂತು ನೋಡು!” ಎಂದು ಅಪ್ಪ ಅವಳ ಬೆನ್ನಿಗೆ ಗುದ್ದಿ ಕೂಗಿದ. “ನೋಡ್ದೇನಮ್ಮಾ!”

“ನೋಡ್ದೆ ಅಪ್ಪಾ!” ಅಂದಳು. ದಾರಿ ಮಂಜಾಯಿತು. ಕಣ್ಣೊರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಕಾಲುವೆಯ ಕೊನೆಯಲ್ಲಿ ಕೋದಂಡರಾಮಪ್ಪ ಕುಕ್ಕರುಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದ. ಅಲೆಗಳಿಗಿಂತ ಮೊದಲೇ ಬಂದು ಇವರು ಇಳಿದರೂ ಅವನು ತಲೆ ಎತ್ತಲಿಲ್ಲ. ಅಲೆಗಳು ಬಂದು, ಒಂದರ ಹಿಂದೆ ಒಂದು ಗದ್ದೆಯ ಬಾಯಿಗೆ ಬಡಿದವು.

“ದೊಡ್ಡದು ಮೊದ್ಲು. ಸಣ್ಣದು ಆಮೇಲೆ. ಇವತ್ತು ನಂಗಿಲ್ಲ ಅಂತ” ಅಂದ.

ಸುನಂದ ಫೋನು ಹಚ್ಚಿ ಅವನ ಕಿವಿಗೇ ಹಿಡಿದಳು. ಆ ಕಡೆಯಿಂದ ಮುನಿಶಾಮಮ್ಮ, “ಸಣ್ಣದೇ ಮೊದ್ಲು ಬಿಟ್ಟಿದ್ದು ಅಣ್ಣಾ, ದೇವ್ರಾಣೆಗೂ” ಎಂದು ಕೂಗುವುದು ಮೂವರಿಗೂ ಕೇಳಿಸಿತು.

ಕೋದಂಡರಾಮಪ್ಪ ಫೋನನ್ನೂ ನೀರನ್ನೂ ನೋಡಿದ. ಅಪ್ಪ ಅಷ್ಟರಲ್ಲೇ ಮಾತು ಬದಲಾಯಿಸಲು ಬಾಯಿ ತೆರೆದಿದ್ದ, ಸುನಂದ ಬಿಡಲಿಲ್ಲ.

“ಮಾವ, ಅವತ್ತೂ ಹಿಂಗೇ ಆಗಿದ್ದು. ನಮ್ಮಪ್ಪನದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ. ಅವತ್ತೂ ನಾನು ನೋಡಿದ್ದೆ. ಎಲ್ರೂ ನಗ್ತಿದ್ರು ಅಂತ ನಾಚ್ಕೊಂಡು ನೋಡಿಲ್ಲ ಅಂತ ಸುಳ್ಳು ಹೇಳ್ದೆ.”

“ಸುನಂದಮ್ಮ, ಸಾಕು ಬಿಡು” ಅಂದ ಅಪ್ಪ.

“ಸಾಕಾಗಲ್ಲಪ್ಪಾ. ತಪ್ಪಾಯ್ತು.”

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. “ಬಾರ್ ಮೇಲೆ ಕೂತು ನನಗಿಂತ ಜೋರಾಗಿ ಕೂಗಿದ್ದೋಳು ನೀನು. ನಂಗ್ ಗೊತ್ತಿಲ್ವಾ?” ಅಂದ. ಅಷ್ಟೇ ಅಂದದ್ದು. ಹತ್ತೊಂಬತ್ತು ವರ್ಷ ಹೊತ್ತದ್ದನ್ನು ಸುನಂದ ಅಲ್ಲೇ ದಂಡೆಯ ಮೇಲೆ ಕೂತು ಅತ್ತು ಇಳಿಸಿದಳು. ಇಬ್ಬರು ಮುದುಕರೂ ಏನು ಮಾಡಬೇಕೆಂದು ತಿಳಿಯದೆ ನೀರು ನೋಡುತ್ತ ನಿಂತರು.

ಕೊನೆಗೆ ಕೋದಂಡರಾಮಪ್ಪನೇ ಬಾಯಿಬಿಟ್ಟ. “ಅಣ್ಣಾ, ಆ ಹೆಸರು ಕಟ್ಟಿದ್ದು ನಾನೇ. ಈಗ ಬಿಡಿಸೋಣ ಅಂದ್ರೂ ಊರು ಬಿಡಲ್ಲ.”

“ಇರ್ಲಿ ಬಿಡಪ್ಪ. ಅಳತೆ ಸರಿಯಾಗೇ ಇದೆಯಲ್ಲ.”

ಸುನಂದ ಮೂಗು ಒರೆಸಿಕೊಂಡು ಚೀಲದಿಂದ ನೋಟ್‌ಬುಕ್ಕು ತೆಗೆದಳು. ಟೇಪು ತರಲು ಮರೆತಿದ್ದಳು, ಗಣಿತದವರ ಹಣೆಬರಹ. “ಎಷ್ಟು ಮುಂದೆ ಹೋಯ್ತು ಅಂತ ಬರೀಬೇಕಪ್ಪಾ. ತೋರಿಸು” ಅಂದಳು. ಅಪ್ಪ ಬಲಗೈ ಚಾಚಿದ. ಎಡಗೈ ಎತ್ತಲು ಹೋದ, ಅರ್ಧಕ್ಕೇ ನಿಂತಿತು. ಸುನಂದ ಅವನ ಎಡಭುಜಕ್ಕೆ ತನ್ನ ಭುಜ ತಾಗಿಸಿ ನಿಂತು, ತನ್ನ ಎಡಗೈಯನ್ನು ಉದ್ದಕ್ಕೆ ಚಾಚಿದಳು. ಅವನ ಬೆರಳ ತುದಿಯಿಂದ ಅವಳ ಬೆರಳ ತುದಿಯವರೆಗೆ ಅಪ್ಪ ಕಣ್ಣಲ್ಲೇ ಅಳೆದ. ಒಂದು ಗೇಣು ಹೆಚ್ಚೇ ಬಂದಿತ್ತು, ಅವನು ಅದನ್ನು ಹೇಳಲಿಲ್ಲ.

“ಒಂದ್ ಮಾರು. ನಾನ್ ನೋಡಿದೀನಿ,” ಅಂದ ಅಪ್ಪ. “ಬರ್ಕೋ.”